ಎಂಜಿನ್ ಬಂದ್ ಮಾಡಿ ನೋಡಿದ ಎಣ್ಣೆ

ಹೋದ ತಿಂಗಳು ಶೃಂಗೇರಿಗೆ ಹೊರಟಿದ್ದ ಬಿಳಿ ಕಾರೊಂದು ಕೊಪ್ಪದ ನಮ್ಮ ಮನೆಯ ಎದುರಿನ ಏರಿನಲ್ಲಿ ನಿಂತುಬಿಟ್ಟಿತು. ಎಂಜಿನ್ ಜೋರಾಗಿ ಕೂಗುತ್ತಿತ್ತು, ಚಕ್ರ ಮಾತ್ರ ಅಲ್ಲಾಡುತ್ತಿರಲಿಲ್ಲ. ನಾನು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಬೆಲ್ಲದ ಪಾಕ ತಳ ಹಿಡಿದಾಗ ಬರುತ್ತದಲ್ಲ, ಅಂಥದೊಂದು ಸಿಹಿ ಕಮಟು ವಾಸನೆ ಗೇಟು ದಾಟಿ ಒಳಗೆ ಬಂತು. ಆಟೋಮ್ಯಾಟಿಕ್ ಗೇರಿನ ಎಣ್ಣೆ ಸುಟ್ಟ ವಾಸನೆ ಅದು. ನಲವತ್ತು ವರ್ಷಕ್ಕೂ ಹೆಚ್ಚಾಗಿತ್ತು ಅದು ನನ್ನ ಮೂಗಿಗೆ ಬಡಿದು. ಕೋಲು ಹಿಡಿದು ಗೇಟಿನ ತನಕ ಹೋದೆ.

“ಎಂಜಿನ್ ಬಂದ್ ಮಾಡ್ಬೇಡ ಮಾರಾಯ. ಓಡ್ತಾ ಇರುವಾಗ್ಲೇ ಗೇರಿನ ಎಣ್ಣೆ ನೋಡು,” ಎಂದೆ.

ಕಾರಿನವನು ಬೆಂಗಳೂರು ಕಡೆಯವನು. ಈ ಮುದುಕಿಗೆ ಎಂತ ಗೊತ್ತು ಎಂಬಂತೆ ನನ್ನನ್ನೂ ನನ್ನ ಕೋಲನ್ನೂ ನೋಡಿದ. ಆಮೇಲೆ ಮರ್ಯಾದೆಯಿಂದಲೇ, “ಇದರಲ್ಲಿ ಎಣ್ಣೆ ನೋಡೋ ಕಡ್ಡಿನೇ ಇಲ್ಲ ಆಂಟಿ. ಎಲ್ಲ ಸೀಲ್ ಮಾಡಿ ಕೊಡ್ತಾರೆ,” ಎಂದ.

ಕಡ್ಡಿಯೇ ಇಲ್ಲವಂತೆ. ಒಳ್ಳೆಯದೇ ಆಯಿತು ಅಂದುಕೊಂಡೆ. ಕಡ್ಡಿ ಇದ್ದರೆ ತಾನೇ ಅದನ್ನು ನೋಡುವ ಬಗೆಯನ್ನು ಒಬ್ಬರು ಇನ್ನೊಬ್ಬರಿಗೆ ಬೇಕೆಂದೇ ತಪ್ಪಾಗಿ ಕಲಿಸುವುದು! ವಾಪಸು ಬಂದು ಕೂತರೆ ಕಾಫಿ ಆರಿತ್ತು. ಹೊಟ್ಟೆಯೊಳಗಿನ ಸಿಟ್ಟು ಮಾತ್ರ ಆರಿರಲಿಲ್ಲ. ಇಷ್ಟು ವರ್ಷದ ಮೇಲೂ ಅದು ಬಿಸಿಯಾಗಿಯೇ ಇದೆಯಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ ಅದು. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ಪೇಟೆಯಲ್ಲಿ ನಮ್ಮದು ಕಾಫಿ, ಏಲಕ್ಕಿ ಕೊಳ್ಳುವ ಮಂಡಿ. ಅದನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದೆ. ನಾಲ್ಕು ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿಹೋಗಿತ್ತು. ಕಬ್ಬಿಣದ ಪಟ್ಟಿಯ ಬೂಟು ಕಟ್ಟಿಕೊಂಡರೆ ನಡೆಯುತ್ತಿದ್ದೆ, ಆದರೆ ಬಸ್ಸಿನ ಮೆಟ್ಟಿಲು ನನ್ನ ಪಾಲಿಗೆ ಕುದುರೆಮುಖ. ಅಂಥವಳಿಗೆ ಜಯಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಕೆಲಸ ಸಿಕ್ಕಿತು. ಮೊದಲ ವರ್ಷ ತಾತ್ಕಾಲಿಕ, ಸರಿಯಾಗಿ ನಡೆಸಿಕೊಂಡು ಹೋದರೆ ಕಾಯಂ. ಜಯಪುರದಲ್ಲೇ ರೂಮು ಮಾಡಿಕೊಂಡು ಇರುತ್ತೇನೆ ಅಂದದ್ದಕ್ಕೆ ಅಮ್ಮ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ, “ಸಂಜೆ ಮನೆಗೆ ಬರೋದಾದ್ರೆ ಹೋಗು,” ಎಂದಳು. ನಾನು ಒಪ್ಪಿದೆ, ಯಾಕೆಂದರೆ ನನ್ನ ಹತ್ತಿರ ಕಾರಿತ್ತು.

ಆ ಕಾರಿನ ಕಥೆ ಹೇಳಬೇಕು. ಬಾಳೆಹೊನ್ನೂರಿನ ಕಡೆ ತೋಟ ಮಾಡಿಕೊಂಡಿದ್ದ ಒಬ್ಬ ದೊರೆ ಎಲ್ಲವನ್ನೂ ಮಾರಿ ತನ್ನ ದೇಶಕ್ಕೆ ಹೋಗುವಾಗ ಅಪ್ಪ ಅದನ್ನು ಕೊಂಡದ್ದು. ಅಮೆರಿಕದ್ದು, ದೋಣಿಯಷ್ಟು ಉದ್ದ, ಎಡಗಡೆ ಸ್ಟಿಯರಿಂಗು. ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಕೊಪ್ಪದವರು ಅದಕ್ಕೆ ‘ಕ್ಲಚ್ಚಿಲ್ಲದ್ದು’ ಎಂದೇ ಹೆಸರಿಟ್ಟಿದ್ದರು. ಪೆಟ್ರೋಲು ಕುಡಿಯುವ ಆ ಗಾಡಿಯನ್ನು ಯಾಕೆ ತಂದಿರಿ ಎಂದು ಎಲ್ಲರೂ ಕೇಳಿದರೆ ಅಪ್ಪ ನನ್ನ ಕಡೆ ಕೈ ತೋರಿಸುತ್ತಿದ್ದರು. “ಇದಕ್ಕೆ ಬಲಗಾಲೊಂದೇ ಸಾಕು. ಇವಳು ದೊಡ್ಡವಳಾಗ್ಲಿ, ನೋಡಿ,” ಎನ್ನುತ್ತಿದ್ದರು. ಆಗ ನನಗೆ ಒಂಬತ್ತು ವರ್ಷ.

ಕಾರಿನ ಜೊತೆಗೇ ಬಂದವನು ಶೀನಣ್ಣ. ದೊರೆಯ ಡ್ರೈವರನಾಗಿದ್ದವನು ನಮ್ಮ ಡ್ರೈವರನಾದ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಹೆಗಲ ಮೇಲೊಂದು ಬಿಳಿ ಟವೆಲ್ಲು. ಜೀಪನ್ನಾಗಲಿ ಲಾರಿಯನ್ನಾಗಲಿ ಮುಟ್ಟುತ್ತಿರಲಿಲ್ಲ. ಆ ಕಾರನ್ನು ಮೂರು ತಾಲೂಕಿನಲ್ಲಿ ಓಡಿಸಬಲ್ಲವನು ತಾನೊಬ್ಬನೇ ಎಂಬುದು ಅವನ ಜಂಬ, ಮತ್ತು ಅದು ನಿಜವೂ ಆಗಿತ್ತು. ನನ್ನನ್ನು ಪ್ರೈಮರಿ ಶಾಲೆಯಿಂದ ಕಾಲೇಜಿನ ತನಕ ಹೊತ್ತು ತಿರುಗಿಸಿದವನು ಅವನೇ. ಬೂಟಿನ ಪಟ್ಟಿ ಬಿಗಿಯಾದರೆ ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಗೇಟಿನ ಹತ್ತಿರ ಬಗ್ಗಿ ಕೂತು ಸಡಿಲ ಮಾಡಿಕೊಟ್ಟು, “ಈಗ ನಡೀರಿ ಸಣ್ಣಮ್ಮ,” ಎನ್ನುತ್ತಿದ್ದ.

ಅಪ್ಪ ಹಾಸಿಗೆ ಹಿಡಿದಾಗ ಅವನನ್ನು ಕರೆದು, “ಶೀನಾ, ಕೂಸಿಗೆ ಓಡಿಸೋದು ಕಲಿಸು,” ಎಂದಿದ್ದರು. ಅವನು ಕಲಿಸಿದ. ಭಾನುವಾರ ಭಾನುವಾರ ಶಾಲೆಯ ಬಯಲಿನಲ್ಲಿ, ಆಮೇಲೆ ಹರಿಹರಪುರದ ರಸ್ತೆಯಲ್ಲಿ. ನಾನು ಮೊದಲ ಸಲ ಏರು ಹತ್ತಿಸಿದಾಗ ಅವನ ಕಣ್ಣು ಒದ್ದೆಯಾಗಿದ್ದನ್ನು ನಾನು ಕಂಡಿದ್ದೇನೆ. ಅದು ನಾಟಕ ಅಂತ ನಾನು ಇವತ್ತಿಗೂ ಹೇಳುವುದಿಲ್ಲ.

ಕೆಲಸದ ಆರ್ಡರು ಬಂದ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಶೀನಣ್ಣ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಉಣ್ಣುತ್ತಿದ್ದ. ಅಣ್ಣ ಹೊಸ ಜೀಪು ತಂದು ಅದನ್ನು ತಾನೇ ಓಡಿಸುತ್ತಿದ್ದ ಸಮಯ. ನಗುತ್ತಾ ಅಂದ, “ನೀನೇ ಓಡಿಸ್ಕಂಡು ಹೋಗ್ತೀಯಲ್ಲೇ, ಇನ್ನು ಶೀನಣ್ಣ ಎಂತಕ್ಕೆ? ಶೆಡ್ಡಿಗೆ ಬಾಗಿಲು ಕಾಯ್ಲಿಕ್ಕಾ?”

ನಾನೂ ನಕ್ಕೆ. ಕೆಲಸ ಸಿಕ್ಕ ಖುಷಿ, ಯಾವ ಮಾತಿಗೂ ನಗು ಬರುತ್ತಿತ್ತು. ಹಿಂದಿನ ಜಗಲಿಯಲ್ಲಿ ತಟ್ಟೆ ತೊಳೆಯುವ ಸದ್ದು ಕೇಳಿಸಿತು.

ಶಾಲೆ ಶುರುವಾಗುವ ಮುಂಚಿನ ವಾರ ಶೀನಣ್ಣ ಕಾರಿನ ಯೋಗಕ್ಷೇಮದ ಪಾಠ ಹೇಳಿದ. ನೀರು, ಬ್ರೇಕು, ಬ್ಯಾಟರಿ, ಚಕ್ರದ ಗಾಳಿ. ಕಡೆಗೆ ಗೇರಿನ ಎಣ್ಣೆ. ಕುಂಕುಮ ಕದಡಿದ ಹಾಗೆ ಕೆಂಪಗಿರುವ ಆ ಎಣ್ಣೆಯ ಡಬ್ಬಗಳು ಮಂಗಳೂರಿನಿಂದ ಬರುತ್ತಿದ್ದವು. ಗೇರ್ ಬಾಕ್ಸಿನಲ್ಲಿ ಎಲ್ಲೋ ಸಣ್ಣದಾಗಿ ಸೋರುತ್ತಿದ್ದುದರಿಂದ ಆಗಾಗ ತುಂಬಬೇಕಿತ್ತು. ಕಡ್ಡಿಯ ಮೇಲೆ ಎರಡು ಗೆರೆ. ಮೇಲಿನದರ ತನಕ ಎಣ್ಣೆ ಅಂಟಿದ್ದರೆ ಫುಲ್, ಕೆಳಗಿನದಕ್ಕಿಂತ ಇಳಿದರೆ ತುಂಬಬೇಕು.

“ಬೆಳಿಗ್ಗೆ ಎದ್ದು, ಸ್ಟಾರ್ಟ್ ಮಾಡೋ ಮುಂಚೆ, ಗಾಡಿ ತಣ್ಣಗಿರುವಾಗ ನೋಡ್ಬೇಕು ಸಣ್ಣಮ್ಮ. ಎಂಜಿನ್ ಬಂದ್ ಇರ್ಬೇಕು,” ಎಂದ.

ನಾನು ನಂಬಿದೆ. ನಂಬದೆ ಇರುವುದಕ್ಕೆ ಕಾರಣವೇ ಇರಲಿಲ್ಲ. ನಮ್ಮ ಕಡೆ ಯಾವ ಗಾಡಿಯ ಎಣ್ಣೆ ನೋಡುವುದೂ ಹಾಗೆಯೇ. ಬೆಳಿಗ್ಗೆ ಗಾಡಿಯ ಮುಂದೆ ಊದುಬತ್ತಿ ಹಚ್ಚಿ, ಬಾನೆಟ್ಟು ಎತ್ತಿ, ಕಡ್ಡಿ ಎಳೆದು ಬಟ್ಟೆಗೆ ಒರೆಸಿ ನೋಡುತ್ತಾರೆ. ಗಾಡಿ ನಿಂತಿರುವುದು ಇಳಿಜಾರಿನಲ್ಲಿ, ಮೂತಿ ಕೆಳಗೆ, ಚಕ್ರಕ್ಕೊಂದು ಕಲ್ಲು. ಮಳೆಗಾಲದಲ್ಲಿ ಸೆಲ್ಫ್ ಹಿಡಿಯದಿದ್ದರೆ ಕಲ್ಲು ತೆಗೆದು ಉರುಳಿಸಿದರಾಯಿತು ಎಂಬುದು ಇಲ್ಲಿನ ಪ್ರತಿಯೊಬ್ಬ ಡ್ರೈವರನ ಶಾಸ್ತ್ರ. ನಮ್ಮ ಕಾರು ಉರುಳಿಸಿದರೆ ಸ್ಟಾರ್ಟ್ ಆಗುವ ಜಾತಿಯದಲ್ಲ, ಆದರೂ ನಮ್ಮ ಶೆಡ್ಡು ಇಳಿಜಾರಿನಲ್ಲೇ ಇತ್ತು, ಕಲ್ಲೂ ಇತ್ತು.

ಜೂನಿನಲ್ಲಿ ಎಲ್ಲ ಚೆನ್ನಾಗಿತ್ತು. ಮಳೆ ಹಿಡಿದಿತ್ತು. ವೈಪರು ಒಂದೇ ಕಡೆ ಆಡುತ್ತಿತ್ತು. ನಾನು ಒಬ್ಬಳೇ ಕಾರು ಓಡಿಸಿಕೊಂಡು ಜಯಪುರದ ಪೇಟೆಯೊಳಗೆ ಹೋದರೆ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ನೋಡುತ್ತಿದ್ದರು. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಸನ್ನೆಕೋಲಿನ ಪಾಠ ಮಾಡಿದ ದಿನ ಅವರನ್ನು ಕಾರಿನ ಹತ್ತಿರ ಕರೆದೊಯ್ದು ಜಾಕು ತೋರಿಸಿದೆ. ಅಷ್ಟು ಸಂತೋಷ ನನಗೆ ಮುಂಚೆ ಆಗಿದ್ದಿಲ್ಲ, ಆಮೇಲೂ ಆಗಲಿಲ್ಲ.

ಜುಲೈ ಮೊದಲ ವಾರ ಜಯಪುರ ಇನ್ನೆರಡು ಮೈಲಿ ಇರುವಾಗ ಉದ್ದನೆಯ ಏರಿನಲ್ಲಿ ಕಾರು ಕೈ ಕೊಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಒಂದನೇ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ನಡುವೆ ಎಲ್ಲೋ ಜಾರಿ ನಿಲ್ಲುತ್ತದೆ. ಬೆಲ್ಲ ಸುಟ್ಟ ವಾಸನೆ. ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಕೂತೆ. ಕಡ್ಡಿ ಎಳೆದು ನೋಡಿದೆ, ಫುಲ್. ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಹೋಯಿತು, ಮತ್ತೆ ನಿಂತಿತು. ಶಾಲೆ ಮುಟ್ಟುವಾಗ ಎರಡು ಪಿರಿಯಡ್ ಮುಗಿದಿತ್ತು.

ಸಂಜೆ ಶೀನಣ್ಣ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಹಳೇ ಗಾಡಿ ಸಣ್ಣಮ್ಮ. ಅದಕ್ಕೂ ಮೂಡು ಇರ್ತದೆ. ನಾಳೆ ನಾನೂ ಜೊತೆಗೆ ಬರ್ತೇನೆ,” ಎಂದ. ಮರುದಿನ ಅವನು ನನ್ನ ಪಕ್ಕದ ಸೀಟಿನಲ್ಲಿ ಟವೆಲ್ಲು ಮಡಚಿಟ್ಟುಕೊಂಡು ಕೂತ. ಕಾರು ಬೆಣ್ಣೆಯ ಹಾಗೆ ಓಡಿತು.

ಆಮೇಲಿನದು ಇದೇ ರಗಳೆ. ಅವನು ಬಂದ ದಿನ ಸರಿ, ನಾನು ಒಬ್ಬಳೇ ಹೋದ ದಿನ ಕೆಟ್ಟಿತು. ಒಂದು ವಾರ ಅವನು ಬಂದ, ಏನೂ ಆಗಲಿಲ್ಲ. ಧೈರ್ಯ ಬಂದು ಒಬ್ಬಳೇ ಹೊರಟೆ. ಎರಡು ದಿನ ನಡೆಯಿತು, ಮೂರನೆಯ ದಿನ ಅದೇ ಏರು, ಅದೇ ವಾಸನೆ. ಕೊಪ್ಪದ ಗ್ಯಾರೇಜಿನವರು ಕೈ ಮುಗಿದರು. “ಕ್ಲಚ್ಚೇ ಇಲ್ಲದ ಗಾಡಿಗೆ ನಾವೆಂತ ರಿಪೇರಿ ಮಾಡೋದು ಮಾರಾಯ್ರೆ, ಶೀನಣ್ಣನನ್ನೇ ಕೇಳಿ,” ಎಂದರು.

ವಿಜ್ಞಾನದ ಮೇಡಂ ಅಲ್ಲವೇ ನಾನು? ಒಂದು ನೋಟ್ ಬುಕ್ ಮಾಡಿದೆ. ಮಳೆ ಜೋರೋ ಸಣ್ಣದೋ, ಎಂಜಿನ್ ಎಷ್ಟು ಬಿಸಿ, ಪೆಟ್ರೋಲು ಎಷ್ಟಿತ್ತು, ಬೆಳಿಗ್ಗೆ ಕಡ್ಡಿ ಎಷ್ಟು ತೋರಿಸಿತು, ಯಾವ ತಿರುವಿನಲ್ಲಿ ಜಾರಿತು, ಕಾರಿನಲ್ಲಿ ಯಾರಿದ್ದರು, ಎಲ್ಲ ಬರೆದೆ. ಒಂದೊಂದೇ ಕಾರಣವನ್ನು ಹೊಡೆದು ಹಾಕಿದೆ. ಮಳೆ ಅಲ್ಲ. ಬಿಸಿಯೂ ಅಲ್ಲ, ಅವನಿದ್ದಾಗ ಬಿಸಿಯಾದರೂ ಎಳೆಯುತ್ತದೆ. ಎಣ್ಣೆ ಅಲ್ಲವೇ ಅಲ್ಲ, ಅದು ಪ್ರತಿ ಬೆಳಿಗ್ಗೆ ಮೇಲಿನ ಗೆರೆ ದಾಟಿತ್ತು. ಮಕ್ಕಳಿಗೆ ಪ್ರಯೋಗ ಹೇಳಿಕೊಡುವಾಗ, ಅಳತೆಗೋಲು ಸರಿಯಿದೆಯೋ ಇಲ್ಲವೋ ಮೊದಲು ನೋಡಿ ಎಂದು ಬೋರ್ಡಿನ ಮೇಲೆ ಬರೆಸಿದವಳು ನಾನು. ನನ್ನ ನೋಟ್ ಬುಕ್ಕಿಗೆ ಅದು ಹೊಳೆಯಲಿಲ್ಲ. ಕಡೆಗೆ ಉಳಿದದ್ದು ಒಂದೇ ಕಾರಣ. ಓಡಿಸುವವಳು.

ಅವನಿದ್ದಾಗಲೂ ಓಡಿಸುತ್ತಿದ್ದವಳು ನಾನೇ. ಆದರೂ ಒಬ್ಬಳೇ ಇದ್ದಾಗ ನನಗೆ ಗಾಬರಿಯಾಗುತ್ತದೆ, ಗಾಬರಿಯಲ್ಲಿ ಕಾಲು ತಪ್ಪಾಗಿ ಬೀಳುತ್ತದೆ ಎಂದು ತೀರ್ಮಾನ ಮಾಡಿಕೊಂಡೆ. ಶೀನಣ್ಣನನ್ನು ಕೇಳಿದೆ. ಅವನು ನೆಲ ನೋಡುತ್ತಾ, “ಆಕ್ಸಿಲೇಟರ್ ಮೇಲೆ ಕಾಲು ಒಂದೇ ಸಮ ಇರ್ಬೇಕು ಸಣ್ಣಮ್ಮ. ನಾನು ಪಕ್ಕದಲ್ಲಿದ್ರೆ ನಿಮ್ಗೆ ಧೈರ್ಯ,” ಎಂದ. ಅಣ್ಣ ಇದನ್ನು ಕೇಳಿ, “ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ,” ಎಂದು ರೇಗಿಸಿದ. ಚಿಕ್ಕಂದಿನಿಂದ ಒಂದು ಕಾಲನ್ನು ದೂರಿಕೊಂಡು ಬಂದವಳು ಆ ಮಳೆಗಾಲದಲ್ಲಿ ಇನ್ನೊಂದು ಕಾಲನ್ನೂ ದೂರತೊಡಗಿದೆ. ಬೆಳಿಗ್ಗೆ ಬೂಟು ಕಟ್ಟಿಕೊಳ್ಳುವಾಗ ಬಲಗಾಲನ್ನು ನೋಡಿದರೆ ಅಳು ಬರುತ್ತಿತ್ತು.

ಹಾಗಾದರೆ ದಿನಾ ಅವನನ್ನು ಕರೆದುಕೊಂಡೇ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅಮ್ಮನೂ ಅದನ್ನೇ ಕೇಳಿದಳು. ಆದರೆ ಬೆಳಿಗ್ಗೆಯಿಂದ ಸಂಜೆಯ ತನಕ ಅವನು ಶಾಲೆಯ ಜಗಲಿಯಲ್ಲಿ ಟವೆಲ್ಲು ಹಾಸಿ ಕೂತಿರುತ್ತಿದ್ದ. ಮಕ್ಕಳು ನನಗೆ ‘ಕಾವಲಿನ ಮೇಡಂ’ ಎಂದು ಹೆಸರಿಟ್ಟರು. ಅಪ್ಪ ಕಾರು ತಂದದ್ದು ನಾನು ಒಬ್ಬಳೇ ಹೋಗಲಿ ಅಂತ. ನನಗೂ ಬೇಕಾಗಿದ್ದದ್ದು ಅದೊಂದೇ.

ಹೆಡ್ ಮಾಸ್ತರರು ಒಳ್ಳೆಯವರು. ಎರಡು ಸಲ ಮೆತ್ತಗೆ ಹೇಳಿದರು. ಮೂರನೆಯ ಸಲ, “ಮೇಡಂ, ನಿಮ್ಮ ಪಾಠದ ಬಗ್ಗೆ ಒಂದು ಮಾತು ಆಡೋ ಹಾಗಿಲ್ಲ. ಆದ್ರೆ ಮೊದಲ್ನೇ ಪಿರಿಯಡ್ಡೇ ನಿಮ್ದು. ಮುಂದಿನ ಸೋಮವಾರ ಇನ್ಸ್‌ಪೆಕ್ಟರು ಬರ್ತಾರೆ. ಅವತ್ತೊಂದು ದಿನ ತಪ್ಪಿಸ್ಬೇಡಿ, ಆಮೇಲೆ ನನ್ನ ಕೈಯಲ್ಲಿ ಇರೋದಿಲ್ಲ,” ಎಂದರು. ಅದನ್ನು ಬಂದು ಮನೆಯಲ್ಲಿ ಹೇಳಿದೆ. ಶೀನಣ್ಣನಿಗೂ ಹೇಳಿದೆ.

ಆ ಸೋಮವಾರ ಶ್ರಾವಣದ ಬಿಸಿಲು ಮಳೆ ಒಟ್ಟಿಗೇ ಇತ್ತು. ನಾನು ಹಸಿರು ಸೀರೆ ಉಟ್ಟು ಎಂದಿಗಿಂತ ಬೇಗ ಹೊರಟು ಶೆಡ್ಡಿಗೆ ಬಂದೆ. ಶೀನಣ್ಣ ಗಾಜು ಒರೆಸುತ್ತಿದ್ದ. ಮುಂದಿನ ಸೀಟಿನಲ್ಲಿ ಅವನ ಟವೆಲ್ಲು ಆಗಲೇ ಕೂತಿತ್ತು.

“ಇವತ್ತು ಒಬ್ಳೇ ಹೋಗ್ತೇನೆ ಶೀನಣ್ಣ,” ಎಂದೆ. “ಇವತ್ತು ಆಗದಿದ್ರೆ ಇನ್ನು ಯಾವತ್ತೂ ಆಗೋದಿಲ್ಲ.”

ಅವನು, “ಎಣ್ಣೆ ನೋಡಿದ್ರಾ?” ಎಂದು ಕೇಳಿದ.

“ನೋಡ್ದೆ. ಫುಲ್ ಇದೆ.”

ಅವನು ಬಾಯಿ ತೆರೆದ ಹಾಗೆ ಕಂಡಿತು. ಆಮೇಲೆ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. ಬಗ್ಗಿ ಚಕ್ರದ ಕೆಳಗಿನ ಕಲ್ಲು ತೆಗೆದ.

ಅದೇ ಏರಿನಲ್ಲಿ ಕಾರು ನಿಂತಿತು. ಹತ್ತು ನಿಮಿಷ ಬಿಟ್ಟು ಮತ್ತೆ, ಇನ್ನೂ ಹತ್ತು ನಿಮಿಷ ಬಿಟ್ಟು ಮತ್ತೆ. ಕಡೆಗೆ ಕಾರನ್ನು ರಸ್ತೆ ಬದಿಗೆ ಬಿಟ್ಟು ನಡೆದೆ. ಎರಡು ಮೈಲಿ. ಕೆಸರಿನಲ್ಲಿ ಬೂಟು ಹೂತುಕೊಳ್ಳುತ್ತಿತ್ತು, ಒಂದು ಕಡೆ ಬಿದ್ದೆ ಕೂಡ. ಶಾಲೆ ಮುಟ್ಟಿದಾಗ ಮಧ್ಯಾಹ್ನದ ಗಂಟೆ ಹೊಡೆದಿತ್ತು. ಇನ್ಸ್‌ಪೆಕ್ಟರು ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಿದ್ದರು. ಕೆಸರಾದ ನನ್ನ ಸೀರೆಯನ್ನೂ ಬೂಟನ್ನೂ ನೋಡಿ ಅವರು ಗದರಲಿಲ್ಲ, “ಪಾಪ,” ಎಂದರು. ಗದರಿದ್ದರೆ ವಾಸಿ ಇತ್ತು. ದಸರಾ ರಜೆಗೆ ಮುಂಚೆ ನನ್ನ ಜಾಗಕ್ಕೆ ಜಯಪುರದಲ್ಲೇ ಮನೆಯಿರುವ ಒಬ್ಬರು ಬಂದರು. ನಾನು ನೋಟ್ ಬುಕ್ಕು, ಸೀಮೆಸುಣ್ಣದ ಡಬ್ಬಿ ಮನೆಗೆ ತಂದೆ.

ಇನ್ನು ಕಾರು ಎಂತಕ್ಕೆ? ಮಾರಿಬಿಡು ಎಂದೆ ಅಣ್ಣನಿಗೆ. ಎನ್.ಆರ್. ಪುರದಲ್ಲಿ ಖಾದರ್ ಸಾಹೇಬರು ಎಂಬುವರ ಲಾರಿ ಗ್ಯಾರೇಜಿದೆ, ಹಳೆಯ ಗಾಡಿ ಬಿಚ್ಚಿ ಮಾರುತ್ತಾರೆ ಎಂದು ಅವನು ಹೇಳಿದ. ನಾನೇ ತಗೊಂಡು ಹೋಗುತ್ತೇನೆ ಎಂದೆ. ಸಾಯಿಸಲಿಕ್ಕಾದರೂ ನಾನೇ ಓಡಿಸಿಕೊಂಡು ಹೋಗಬೇಕು ಎಂಬ ಹಟ. ದಾರಿಯಲ್ಲಿ ಎರಡು ಸಲ ನಿಂತು ಅಂತೂ ಮುಟ್ಟಿದೆ.

ಖಾದರ್ ಸಾಹೇಬರು ಗಡ್ಡಕ್ಕೆ ಗ್ರೀಸು ಮೆತ್ತಿಕೊಂಡೇ ಬಂದರು. ನಾನು ಕೀ ತಿರುಗಿಸಹೊರಟರೆ ಕೈ ಅಡ್ಡ ಹಿಡಿದರು. “ಬಂದ್ ಮಾಡ್ಬೇಡಿ ಮೇಡಂ. ಓಡ್ತಾ ಇರ್ಲಿ.” ಕಾರನ್ನು ಗ್ಯಾರೇಜಿನ ಮುಂದಿನ ಸಿಮೆಂಟಿನ ನೆಲಕ್ಕೆ ತಂದು ನಿಲ್ಲಿಸಿದರು. ಅದು ಅಂಗೈಯ ಹಾಗೆ ಸಮ ಇತ್ತು. ಗೇರಿನ ಕೋಲನ್ನು ಒಂದೊಂದೇ ಜಾಗಕ್ಕೆ ತಂದು ಬಿಟ್ಟರು. ಆಮೇಲೆ ಕಡ್ಡಿ ಎಳೆದು ಒರೆಸಿ ಮತ್ತೆ ಹಾಕಿ ತೆಗೆದು ನನ್ನ ಮುಂದೆ ಹಿಡಿದರು. ತುದಿಯಲ್ಲಿ ಒಂದು ಹನಿ ಕೂಡ ಇರಲಿಲ್ಲ.

“ಎಣ್ಣೆನೇ ಇಲ್ವಲ್ಲ ಮೇಡಂ! ಹೇಗೆ ತಂದ್ರಿ ಇಲ್ಲಿ ತನಕ?”

“ಬೆಳಿಗ್ಗೆ ನೋಡಿದ್ದೆ. ಫುಲ್ ಇತ್ತು,” ಎಂದೆ.

“ಎಂಜಿನ್ ಬಂದ್ ಮಾಡಿ ನೋಡಿದ್ರಾ?” ಅವರು ಮೀಸೆಯಲ್ಲೇ ನಕ್ಕರು. “ಬಂದ್ ಮಾಡಿದ್ರೆ ಮೇಲಿನ ಎಣ್ಣೆ ಎಲ್ಲ ಇಳಿದು ಕೆಳಗಿನ ತಟ್ಟೆ ತುಂಬ್ತದೆ. ಕಡ್ಡಿ ಫುಲ್ ಅಂತದೆ. ಸ್ಟಾರ್ಟ್ ಮಾಡಿದ ಕೂಡ್ಲೇ ಅದೇ ಎಣ್ಣೆ ಮೇಲೆ ಹೋಗ್ತದೆ, ತಟ್ಟೆ ಖಾಲಿ. ಮತ್ತೆ ಏರಿನಲ್ಲಿ ಅದು ಎಳೆಯೋದು ಗಾಳಿಯನ್ನ. ಸಮ ನೆಲದಲ್ಲಿ, ಬಿಸಿ ಇರುವಾಗ, ಎಂಜಿನ್ ಓಡ್ತಾ ನೋಡ್ಬೇಕು. ಯಾರು ಹೇಳಿದ್ದು ನಿಮ್ಗೆ ಬಂದ್ ಮಾಡಿ ನೋಡಿ ಅಂತ?”

“ನಮ್ಮ ಡ್ರೈವರು. ಶೀನಣ್ಣ.”

ಅವರು ಕಡ್ಡಿ ಒರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದರು. “ಇಲ್ಲ ಮೇಡಂ, ನಿಮ್ಗೆಲ್ಲೋ ತಪ್ಪು ತಿಳ್ದಿದೆ. ನಿಮ್ಮ ತಂದೆಯವ್ರ ಕಾಲದಲ್ಲಿ ಈ ಗಾಡಿ ಕೆಟ್ಟು ಇಲ್ಲೇ ನಿಂತಿತ್ತು. ಆಗ ನನಗೆ ಇದನ್ನ ಕಲಿಸಿದ್ದೇ ಶೀನಣ್ಣ. ಇದೇ ನೆಲದ ಮೇಲೆ ನಿಲ್ಲಿಸಿ ಕಲಿಸಿದ್ದು.”

ನನಗೆ ಏನೂ ತಪ್ಪು ತಿಳಿದಿರಲಿಲ್ಲ. ಅವರು ಎರಡು ಡಬ್ಬ ಕೆಂಪು ಎಣ್ಣೆ ಹಾಕಿದರು. ಮಾರುವ ಮಾತು ನಾನು ಎತ್ತಲಿಲ್ಲ, ಅವರೂ ಕೇಳಲಿಲ್ಲ.

ವಾಪಸು ಬರುವಾಗ ಕಾರು ಹೇಗೆ ಓಡಿತೆಂದರೆ, ಯಾವ ಏರಿನಲ್ಲೂ ಉಸ್ಸೆನ್ನಲಿಲ್ಲ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಗೇರು ಬಿದ್ದದ್ದೇ ಗೊತ್ತಾಗಲಿಲ್ಲ. ಕೆಟ್ಟು ನಿಂತಾಗೆಲ್ಲ ಅಳದಿದ್ದವಳು ಅವತ್ತು ಕಾರು ಚೆನ್ನಾಗಿ ಓಡುತ್ತಿದೆ ಎಂದು ದಾರಿಯುದ್ದ ಅತ್ತೆ. ನನ್ನ ಬಲಗಾಲಿಗೆ ಏನೂ ಆಗಿರಲಿಲ್ಲ. ನೆಲವೇ ಡೊಂಕಾಗಿತ್ತು, ಅದು ಡೊಂಕು ಅಂತ ಗೊತ್ತಿದ್ದ ಒಬ್ಬನು ಮೂರು ತಿಂಗಳು ನಾನು ಕುಣಿಯುವುದನ್ನು ನೋಡುತ್ತಾ ನಿಂತಿದ್ದ. ಅವನು ಬರುವ ದಿನ ನಾನು ಹೊರಟು ಬರುವ ಮುಂಚೆಯೇ ಗಾಡಿಯನ್ನು ಕೆಳಗೆ ರಸ್ತೆಗೆ ತಂದು, ಬಿಸಿ ಮಾಡಿ, ಸರಿಯಾಗಿ ನೋಡಿ ಎಣ್ಣೆ ತುಂಬುತ್ತಿದ್ದ. “ಕಾರು ತೊಳ್ಯೋದಕ್ಕೆ ತಂದೆ ಸಣ್ಣಮ್ಮ,” ಎನ್ನುತ್ತಿದ್ದುದು ನೆನಪಾಯಿತು. ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇದೇ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದೆ. ಅವನು ಎಂದಿನಂತೆ ಗಾಜು ಒರೆಸುತ್ತಿದ್ದ.

“ಗೇರಿನ ಎಣ್ಣೆ ನೋಡೋದು ಹೇಗೆ, ಇನ್ನೊಂದ್ಸಲ ಹೇಳು ಶೀನಣ್ಣ,” ಎಂದೆ.

“ಎಂಜಿನ್ ಬಂದ್...” ಎಂದವನು ನನ್ನ ಮುಖ ನೋಡಿ ನಿಲ್ಲಿಸಿದ. ಒರೆಸುವ ಬಟ್ಟೆಯನ್ನು ಹಿಂಡಿದ. ಅದರಲ್ಲಿ ನೀರೇ ಇರಲಿಲ್ಲ. “ಖಾದರ್ ಹತ್ರ ಹೋಗಿದ್ರಾ?”

“ಇನ್ಸ್‌ಪೆಕ್ಟರು ಬರೋ ದಿನ ನಿನಗೆ ಗೊತ್ತಿತ್ತು. ಎಣ್ಣೆ ಇಲ್ಲ ಅಂತಲೂ ಗೊತ್ತಿತ್ತು. ಆದ್ರೂ ಕಲ್ಲು ತೆಗೆದೆ.”

“ಹೇಳ್ಬೇಕು ಅಂತ ಬಾಯಿಗೆ ಬಂದಿತ್ತು ಸಣ್ಣಮ್ಮ. ಹೇಳಿದ್ರೆ ಅಲ್ಲಿ ತನಕ ಹೇಳಿದ್ದೆಲ್ಲ ಸುಳ್ಳು ಅಂತ ಆಗ್ತಿತ್ತು,” ಎಂದ. ಬಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು, “ಕೆಲಸ ಹೋಗ್ಲಿ ಅಂತ ಮಾಡಿದ್ದಲ್ಲ. ನನ್ನೂ ಜೊತೆಗೆ ಕರ್ಕೊಂಡು ಹೋಗ್ಲಿ ಅಂತ ಮಾಡಿದ್ದು. ಈ ಗಾಡಿ ಬಿಟ್ರೆ ನನ್ಗೆಂತ ಬರ್ತದೆ?” ಎಂದ.

ಆಗ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಕೂಗಾಡಲಿಲ್ಲ. ಅಣ್ಣನಿಗೆ ಹೇಳಿ ಕೆಲಸದಿಂದ ತೆಗೆಸಲಿಲ್ಲ. ಕಾರಿನ ಹಿಂದಿನ ಬಾಗಿಲು ತೆಗೆದು ಹಿಡಿದು, “ಕೂತ್ಕೊ,” ಎಂದೆ.

ಅಷ್ಟು ವರ್ಷದಲ್ಲಿ ಅವನು ಆ ಹಿಂದಿನ ಸೀಟನ್ನು ಒರೆಸಿದ್ದುಂಟು, ಅದರ ಮೇಲೆ ಕೂತಿದ್ದಿಲ್ಲ. ಅದು ದೊರೆ ಕೂರುವ ಜಾಗ, ಅಪ್ಪ ಕೂರುವ ಜಾಗ. “ಮುಂದೆ ಕೂತ್ಕೊಳ್ತೇನೆ ಸಣ್ಣಮ್ಮ,” ಎಂದ. “ಬೇಡ,” ಎಂದೆ. ಅವನು ಚಪ್ಪಲಿ ಹೊರಗೆ ಬಿಟ್ಟು ಹತ್ತಿದ. ನಾನೇ ಹೋಗಿ ಕಲ್ಲು ತೆಗೆದೆ.

ಕೊಪ್ಪದ ಬಸ್ ಸ್ಟ್ಯಾಂಡಿನ ಮುಂದೆ ಬೇಕೆಂದೇ ನಿಧಾನಕ್ಕೆ ಹೋದೆ. ಹೋಟೆಲಿನವರು, ಟ್ಯಾಕ್ಸಿಯವರು, ಅವನ ಸಮವಯಸ್ಕ ಡ್ರೈವರುಗಳು ಎಲ್ಲರೂ ನೋಡಿದರು. ಯಾರೋ ಒಬ್ಬ, “ಎಂತ ಶೀನಣ್ಣ, ಧಣಿ ಆದ್ಯಾ?” ಎಂದು ಕೂಗಿ ನಕ್ಕ. ಜಯಪುರದ ತನಕ ಹೋದೆ. ಆ ಉದ್ದನೆಯ ಏರನ್ನು ಒಂದೇ ಉಸಿರಿಗೆ ಹತ್ತಿಸಿದೆ. ಶಾಲೆಯ ಮುಂದೆ ಕಾರು ತಿರುಗಿಸಿದೆ. ಒಳಗೆ ನನ್ನ ಪಿರಿಯಡ್ಡಿನಲ್ಲಿ ಬೇರೆ ಯಾರದೋ ದನಿ ಕೇಳುತ್ತಿತ್ತು. ನಾನು ಕನ್ನಡಿಯಲ್ಲಿ ಅವನನ್ನು ಒಂದೇ ಸಲ ನೋಡಿದೆ. ಸೀಟಿನ ತುದಿಯಲ್ಲಿ, ಬೆನ್ನು ಒರಗಿಸದೆ, ಟವೆಲ್ಲನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬಸರೀಕಟ್ಟೆಯ ಕಡೆ ಯಾವುದೋ ತೋಟದಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರಿದ ಎಂದು ಆಮೇಲೆ ಗೊತ್ತಾಯಿತು. ನಾನು ಮನೆಯ ಜಗಲಿಯಲ್ಲೇ ಲೆಕ್ಕ, ವಿಜ್ಞಾನದ ಪಾಠ ಶುರು ಮಾಡಿದೆ. ಮಕ್ಕಳೇ ನನ್ನ ಹತ್ತಿರ ಬರುತ್ತಿದ್ದರು. ಮೂವತ್ತು ವರ್ಷ ಹಾಗೇ ಕಳೆಯಿತು. ಕಾರು ಶೆಡ್ಡಿನಲ್ಲೇ ತುಕ್ಕು ಹಿಡಿಯಿತು.

ಅವನು ಬರುವುದು ನಿಂತ ವಾರದಲ್ಲಿ ಅವನ ಹೆಂಡತಿ ಶೆಡ್ಡಿನ ಬೀಗದ ಕೈ ಕೊಡಲು ಬಂದಿದ್ದಳು. ಅವಳಿಗೆ ಏನೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಅಮ್ಮ ಕೊಟ್ಟ ಕಾಫಿ ಕುಡಿದು, ಹೊರಡುವಾಗ ನನ್ನ ಹತ್ತಿರ ನಿಂತು ಸಂಕೋಚದಿಂದ ಹೇಳಿದಳು:

“ಅವ್ರು ಮನೆಗೆ ಬಂದು ಅದನ್ನೇ ಹೇಳ್ತಿದ್ರು ಸಣ್ಣಮ್ಮ. ಹಿಂದೆ ಕೂತ್ರೆ ಗೇರು ಬಿದ್ದದ್ದೇ ಗೊತ್ತಾಗಲ್ವಂತೆ. ದೊರೆ ಕೂಡ ಅಷ್ಟು ಚೆಂದ ಓಡಿಸ್ತಿರ್ಲಿಲ್ವಂತೆ. ಸಣ್ಣಮ್ಮನ ಕಾಲು ಶುರುವಿನಿಂದ್ಲೂ ಹಾಗೇ ಅಂತೆ, ಒಂದೇ ಸಮ.”

ನಾನು ಬೀಗದ ಕೈ ತೆಗೆದುಕೊಂಡೆ.